ಬೀದರ್ ಆಕಾಶದಲ್ಲಿ ಕ್ಯಾಮೆರಾ: ಮಾಡಬೇಕಾದ್ದು, ಮಾಡಬಾರದ್ದು

ಬೀದರ್, ಭಾಲ್ಕಿ, ಔರಾದ್ ಕಡೆ ಕ್ಯಾಮೆರಾ, ಡ್ರೋನ್ ಇಟ್ಟುಕೊಂಡಿರುವ ಎಲ್ಲರಿಗೂ ಈ ಸೂಚನೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮಣ್ಣಿನ ಮೇಲೆ ಹಸಿರು ಹಬ್ಬಿರುತ್ತದೆ, ಕಾರಂಜಾ ಜಲಾಶಯ ತುಂಬಿರುತ್ತದೆ, ಮಾಂಜ್ರಾ ನದಿಯ ತಿರುವುಗಳಲ್ಲಿ ಬಿಸಿಲು ಹೊಳೆಯುತ್ತದೆ. ಈ ನೆಲದ ಮೇಲೆ ಹಾರುವ ಪುಟ್ಟ ವಿಮಾನವನ್ನು ಆಕಾಶದಿಂದಲೇ ಸೆರೆಹಿಡಿಯುವ ಆಸೆ ಸಹಜ. ಆದರೆ ನಮ್ಮ ಆಕಾಶ ಖಾಲಿ ಬಯಲಲ್ಲ. ಎಳೆಯ ಪೈಲಟ್‌ಗಳು ಯುದ್ಧವಿಮಾನ ಹಾರಿಸಲು ಕಲಿಯುವ ಶಾಲೆ ಅದು. 1996ರಲ್ಲಿ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ.

ಮಾಡಬಾರದ್ದು

ಬೀದರ್ ವಾಯುನೆಲೆಯ ಸುತ್ತ ಡ್ರೋನ್ ಏರಿಸಬೇಡಿ. ಮದುವೆ ಮೆರವಣಿಗೆಗೂ ಬೇಡ, ಎರಡು ನಿಮಿಷಕ್ಕೂ ಬೇಡ. ಗಂಟೆಗೆ 700 ಕಿ.ಮೀ. ವೇಗದ ಜೆಟ್ ಒಂದು ಸೆಕೆಂಡಿನಲ್ಲಿ ಸುಮಾರು 190 ಮೀಟರ್ ದಾಟುತ್ತದೆ. ಅಂಗೈಯಗಲದ ನಿಮ್ಮ ಡ್ರೋನ್ ಕಣ್ಣಿಗೆ ಬೀಳುವಷ್ಟರಲ್ಲಿ ಕಲಿಯುವ ಹುಡುಗನಿಗೆ ತಪ್ಪಿಸಿಕೊಳ್ಳಲು ಸಮಯವೇ ಉಳಿದಿರುವುದಿಲ್ಲ.

ಭಾಲ್ಕಿ, ಔರಾದ್ ದೂರವಿವೆ ಎಂದು ಮೈಮರೆಯಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲೂ ಅನುಮತಿಯಿಲ್ಲದೆ ಏರಬಹುದಾದದ್ದು 400 ಅಡಿ ಮಾತ್ರ. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಹದ್ದುಗಳ ಚಿತ್ರಕ್ಕಾಗಿ ಮಾಂಸದ ಚೂರು ಎಸೆಯಬೇಡಿ. ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಕಸ ಸುರಿಯುವುದೇ ಅಪರಾಧ. ಎಂಜಿನ್ನಿಗೆ ಹೊಕ್ಕ ಒಂದು ಹದ್ದು ವಿಮಾನವನ್ನೇ ಕೆಡವಬಲ್ಲದು.

ಬೆಂಗಳೂರಿಗೆ ವಿಮಾನದಲ್ಲಿ ಹೋಗುವ ಪ್ರಯಾಣಿಕರೇ, ಬೀದರಿನ ರನ್‌ವೇ ವಾಯುಪಡೆಯದು. ಏರುವಾಗ, ಇಳಿಯುವಾಗ ಫೋನ್ ಜೇಬಿನಲ್ಲಿರಲಿ.

ಮಾಡಬೇಕಾದ್ದು

ಡ್ರೋನ್ ಹಾರಿಸುವ ದಿನವೇ, ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆ ನೋಡಿ. ನಿನ್ನೆ ನೋಡಿದ್ದು ಲೆಕ್ಕಕ್ಕಿಲ್ಲ.

ವಿಮಾನದಿಂದ ವಿಮಾನದ ಚಿತ್ರ ಬೇಕೇಬೇಕು ಎನ್ನುವವರು ಮೊದಲು ಕಾಗದ ಮಾಡಿಸಿ. 1937ರ ವಿಮಾನ ನಿಯಮಗಳ 13ನೇ ನಿಯಮದಂತೆ, ಹಾರುವ ವಿಮಾನದಿಂದ ಚಿತ್ರ ತೆಗೆಯಲು ನಾಗರಿಕ ವಿಮಾನಯಾನ ಮಹಾನಿರ್ದೇಶಕರ ಲಿಖಿತ ಅನುಮತಿ ಬೇಕು. ಬೀದರಿನ ಮೇಲೆ ಅದು ಸಿಗುವುದು ಕಷ್ಟ. ಬೇರೆ ಊರಿನ ಆಕಾಶ ಹುಡುಕಿಕೊಳ್ಳುವುದೇ ಒಳ್ಳೆಯದು.

ಅನುಮತಿ ಸಿಕ್ಕಮೇಲೆ ಎರಡೂ ವಿಮಾನಗಳ ಪೈಲಟ್‌ಗಳ ಜೊತೆ ನೆಲದ ಮೇಲೆಯೇ ಕೂತು ಮಾತಾಡಿ: ಎಷ್ಟು ಎತ್ತರ, ಎಷ್ಟು ಅಂತರ, ಯಾರು ಮುಂದೆ, ಒಬ್ಬರಿಗೊಬ್ಬರು ಕಾಣದಾದರೆ ಯಾರು ಯಾವ ಕಡೆ ಸರಿಯಬೇಕು. ಗುಂಪಿನಲ್ಲಿ ಹಾರುವ ತರಬೇತಿ ಪಡೆದ ಪೈಲಟ್‌ಗಳೇ ಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಐದು ಮೀಟರ್ ಅಂತರದಲ್ಲಿ ಹಾರುವುದನ್ನೇ ಉಸಿರಾಗಿಸಿಕೊಂಡ ಸೂರ್ಯಕಿರಣದ ಎರಡು ವಿಮಾನಗಳು 2019ರ ಫೆಬ್ರುವರಿಯಲ್ಲಿ ಯಲಹಂಕದ ಅಭ್ಯಾಸದ ವೇಳೆ ಡಿಕ್ಕಿಯಾದವು, ಒಬ್ಬ ಪೈಲಟ್ ತೀರಿಕೊಂಡರು. ಆದ್ದರಿಂದ ಮೇಲೇರಿದ ಮೇಲೆ "ಇನ್ನೂ ಸ್ವಲ್ಪ ಹತ್ತಿರ" ಎಂದು ಕೈಸನ್ನೆ ಮಾಡಬೇಡಿ. ಹತ್ತಿರ ಬೇಕಿದ್ದರೆ ಉದ್ದದ ಲೆನ್ಸ್ ಹಾಕಿ.

ಕ್ಯಾಮೆರಾವನ್ನು ಪಟ್ಟಿಯಿಂದ ಬಿಗಿಯಿರಿ, ಲೆನ್ಸ್ ಮುಚ್ಚಳ ಕೆಳಗೇ ಬಿಟ್ಟು ಹೋಗಿ. ಕಿಟಕಿಗೆ ಲೆನ್ಸ್ ಆನಿಸಿದರೆ ಎಂಜಿನ್ನಿನ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ. ಶಟರ್ 1/125 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ವಿಮಾನದ ಪಂಖ ತಿರುಗುವುದು ಕಾಣುತ್ತದೆ. ತೀರಾ ವೇಗ ಕೊಟ್ಟರೆ ಅದು ನಿಂತೇ ಹೋದಂತೆ ಕಂಡು ಚಿತ್ರ ಸಾಯುತ್ತದೆ.

ಡ್ರೋನ್ ಕೈತಪ್ಪಿ ವಾಯುನೆಲೆಯ ಕಡೆ ಸರಿದರೆ ಬಚ್ಚಿಡಬೇಡಿ. ಆ ಕ್ಷಣವೇ 112ಕ್ಕೆ ಕರೆ ಮಾಡಿ, ಕೊನೆಗೆ ಕಂಡ ಜಾಗ, ಎತ್ತರ, ದಿಕ್ಕು ತಿಳಿಸಿ.