ಬೋರ್ಡು ನೋಡಿ ಬೆನ್ನು ಕೊಡಬೇಡ

ಮಗಾ, ಆಸ್ಟಿಯೋಪಥಿಗೆ ಹೋಗಲೋ ಕೈರೋಪ್ರ್ಯಾಕ್ಟಿಕ್‌ಗೆ ಹೋಗಲೋ ಎಂದು ಕೇಳಿದ್ದೀಯ. ಮೂರು ತಿಂಗಳು ದಾಟಿದರೂ ಬಿಡದ ಸೊಂಟನೋವು, ಬೆಂಗಳೂರಿನ ಗೆಳೆಯರು ಕೊಟ್ಟ ಎರಡು ವಿಳಾಸ, ಮೊಬೈಲಿನಲ್ಲಿ ಬೆನ್ನು ‘ಟಕ್’ ಎನ್ನಿಸುವ ವಿಡಿಯೋಗಳು. ಇಷ್ಟು ಸೇರಿದರೆ ಯಾರಿಗಾದರೂ ಈ ಪ್ರಶ್ನೆ ಹುಟ್ಟುತ್ತದೆ. ನಿನ್ನ ಅತ್ತೆಯ ಉತ್ತರ ಮೊದಲೇ ಕೇಳಿಬಿಡು: ಆ ಎರಡು ಹೆಸರುಗಳ ನಡುವಿನ ಅಂತರ ನೀನು ಅಂದುಕೊಂಡಷ್ಟು ದೊಡ್ಡದಲ್ಲ. ಯಾರ ಕೈಗೆ ಬೆನ್ನು ಕೊಡುತ್ತೀಯ, ಅವರು ನಿನ್ನನ್ನು ಎಷ್ಟು ಬೇಗ ನಿನ್ನ ಕಾಲ ಮೇಲೆ ನಿಲ್ಲಿಸಿ ಕಳಿಸುತ್ತಾರೆ ಅನ್ನುವುದೇ ಮುಖ್ಯ.

ಆದರೆ ಇಬ್ಬರಲ್ಲಿ ಯಾರ ಬಾಗಿಲು ತಟ್ಟುವ ಮುಂಚೆಯೂ ಒಂದು ಕೆಲಸ ಇದೆ. ಮೆಣಸಿನ ಬಳ್ಳಿ ಹಳದಿ ತಿರುಗಿದರೆ ನೀನು ಔಷಧಿ ಹೊಡೆಸುವ ಮೊದಲು ಬುಡ ಕೆದಕಿ ಬೇರು ನೋಡುತ್ತೀಯಲ್ಲ, ಹಾಗೆ ನೋವಿನ ಬುಡವನ್ನು ಒಬ್ಬ ವೈದ್ಯರಿಂದ ನೋಡಿಸು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಾದರೂ ಸರಿ, ಹಾಸನದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೂ ಸರಿ. ಸಂಜೆ ಹೊತ್ತು ಸಣ್ಣಗೆ ಜ್ವರ ಬಂದು ಮೈ ಇಳಿಯುತ್ತಿದ್ದರೆ ಅದು ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಅದಿನ್ನೂ ಹೋಗಿಲ್ಲ. ಮರಗಸಿಗೆ ಕೊಂಬೆ ಕಡಿಯುವಾಗಲೋ ಮೆಣಸು ಕೊಯ್ಯುವ ಏಣಿಯಿಂದಲೋ ಬಿದ್ದ ಮೇಲೆ ಶುರುವಾದ ನೋವಾದರೆ ಮೂಳೆ ಬಿರುಕು ಬಿಟ್ಟಿದೆಯೇ ನೋಡಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಮೂಳೆ ಸವೆದ ವಯಸ್ಸಾದ ಹೆಂಗಸರು, ಇವರ ಬೆನ್ನನ್ನು ಯಾರೂ ಒತ್ತಿ ತಿರುಚಬಾರದು. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗುವುದನ್ನೂ ಕಾಯಬೇಡ. ಅದು ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಓಡಬೇಕಾದ ಕೇಸು.

ಇಂಥದ್ದು ಯಾವುದೂ ಇಲ್ಲ ಎಂದಾದ ಮೇಲೆ ನಿನ್ನ ಪ್ರಶ್ನೆಗೆ ಬರೋಣ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ಅಮೆರಿಕದ ವೈದ್ಯರ ಮಕ್ಕಳು 1864ರಲ್ಲಿ ಮಿದುಳು ಜ್ವರಕ್ಕೆ ತೀರಿಹೋದರು. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. ಮೂಳೆ, ಮಾಂಸಖಂಡ ಸರಿಯಿದ್ದು ರಕ್ತ ಸರಾಗ ಹರಿದರೆ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುತ್ತದೆ ಎಂದು 1874ರಲ್ಲಿ ಸಾರಿ, 1892ರಲ್ಲಿ ಮಿಸೌರಿಯ ಕಿರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಅದು ಆಸ್ಟಿಯೋಪಥಿ. 1895ರಲ್ಲಿ ಅಯೋವಾದ ಡ್ಯಾವೆನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಕಟ್ಟಡ ಶುಚಿ ಮಾಡುವ ಕೆಲಸಗಾರನೊಬ್ಬನ ಬೆನ್ನು ಒತ್ತಿ ಅವನ ಕಿವುಡು ಹೋಯಿತು ಎಂದರು. ಬೆನ್ನೆಲುಬಿನ ಕೀಲು ಜರುಗಿ ನರ ಒತ್ತುವುದೇ ಹೆಚ್ಚಿನ ಕಾಯಿಲೆಗಳ ಮೂಲ ಎಂಬುದು ಅವರ ವಾದ. ಅದು ಕೈರೋಪ್ರ್ಯಾಕ್ಟಿಕ್. ಸ್ಟಿಲ್ ತಮ್ಮನ್ನು ಮೂಳೆ ಕೂರಿಸುವವನೆಂದೇ ಕರೆದುಕೊಂಡಿದ್ದರು. ನಮ್ಮೂರಿನಲ್ಲಿ ಉಳುಕು ತೆಗೆಯುವವರಿಗೂ, ಊರೂರಲ್ಲಿ ಬೋರ್ಡು ಹಾಕಿಕೊಂಡಿರುವ ಪುತ್ತೂರು ಕಟ್ಟಿನವರಿಗೂ ಈ ಇಬ್ಬರು ದೂರದ ನೆಂಟರೇ.

ಇವತ್ತು ಮೇಜಿನ ಮೇಲೆ ಮಲಗಿದರೆ ತಿಳಿಯುವ ವ್ಯತ್ಯಾಸ ಇಷ್ಟು: ಆಸ್ಟಿಯೋಪಥಿಯವರು ಸಾಮಾನ್ಯವಾಗಿ ಮಾಂಸಖಂಡ ನೀವಿ, ಕೈಕಾಲು ಆಡಿಸಿ, ನಿಧಾನವಾಗಿ ಎಳೆದು ಕೆಲಸ ಮಾಡುತ್ತಾರೆ; ಕೈರೋಪ್ರ್ಯಾಕ್ಟರ್‌ಗಳು ಬೆನ್ನೆಲುಬಿನ ಕೀಲಿಗೆ ಚುರುಕಾದ ಒಂದು ತಳ್ಳು ಕೊಡುವುದು ಹೆಚ್ಚು. ಆದರೆ ಇವರು ಅದನ್ನೂ ಮಾಡುತ್ತಾರೆ, ಅವರು ಇದನ್ನೂ ಮಾಡುತ್ತಾರೆ. ಆ ‘ಟಕ್’ ಸದ್ದಿಗೆ ಮರುಳಾಗಬೇಡ. ಜರುಗಿದ ಮೂಳೆ ಜಾಗಕ್ಕೆ ಬಂದ ಸದ್ದಲ್ಲ ಅದು. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಬದಲಾಗಿ ಅನಿಲದ ಗುಳ್ಳೆ ಆಗುವಾಗ ಬರುತ್ತದೆ. ನೀನು ಬೆರಳು ನೆಟಿಕೆ ತೆಗೆದಾಗಲೂ ಬರುವುದು ಅದೇ.

ಗುಣ ಆಗುತ್ತದೆಯೇ? ಸ್ವಲ್ಪ ಆಗುತ್ತದೆ. ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು ಅನ್ನುವುದು ಅದು ಕೊಟ್ಟ ಲೆಕ್ಕ. ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಬೇಕಾದ ನೆರವು, ಇವುಗಳ ಜೊತೆಗೆ ಬೆನ್ನೆಲುಬಿನ ಹಸ್ತಚಿಕಿತ್ಸೆಯನ್ನೂ ಮಸಾಜನ್ನೂ ಕೊಡಬಹುದು ಎಂದು ಅದು ಹೇಳಿತು. ಸೊಂಟದ ಬೆಲ್ಟು, ಟ್ರ್ಯಾಕ್ಷನ್ ಬೇಡ ಎಂದಿತು. ಬ್ರಿಟನ್ನಿನ 2016ರ ಮಾರ್ಗಸೂಚಿ ಇನ್ನೂ ಬಿಗಿ: ಕೈಯಿಂದ ಮಾಡುವ ಚಿಕಿತ್ಸೆ ವ್ಯಾಯಾಮದ ಜೊತೆಗಿದ್ದರೆ ಮಾತ್ರ ಸರಿ. ಹಾಗಾಗಿ ಮೇಜು ಅರ್ಧ ದಾರಿ ಅಷ್ಟೇ ಕಣೋ. ಉಳಿದರ್ಧ ನೀನೇ ನಡೆಯಬೇಕು. ಪಾಮರ್ ಹೇಳಿದ ಕಿವುಡಿಗೆ, ಸಕ್ಕರೆ ಕಾಯಿಲೆಗೆ, ಮಕ್ಕಳಾಗದಿದ್ದಕ್ಕೆಲ್ಲ ಬೆನ್ನು ಒತ್ತುತ್ತೇವೆ ಅನ್ನುವವರ ಬಳಿ ಹೊತ್ತು ಕಳೆಯಬೇಡ.

ಇನ್ನು ಎಂಆರ್‌ಐ. ‘ಡಿಸ್ಕ್ ಉಬ್ಬಿದೆ’ ಎಂದು ಬರೆದ ರಿಪೋರ್ಟ್ ಹಿಡಿದು ನೀನು ಹೆದರಿದ್ದೀಯ. ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ 96 ಮಂದಿಗೆ. ಇದೂ ಕೂದಲು ನೆರೆತ ಹಾಗೆಯೇ; ಅದಕ್ಕಾಗಿ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ರಿಪೋರ್ಟನ್ನು ಗೋಡೆಗೆ ಹಿಡಿದು ‘ನಿಮ್ಮ ಬೆನ್ನೆಲುಬು ಸೊಟ್ಟಗಾಗಿದೆ, ಮೂವತ್ತು ಸಿಟ್ಟಿಂಗ್ ಬೇಕು, ಈಗಲೇ ದುಡ್ಡು ಕಟ್ಟಿದರೆ ರಿಯಾಯಿತಿ’ ಅನ್ನುವವರು ಕೈರೋಪ್ರ್ಯಾಕ್ಟರ್ ಇರಲಿ, ಆಸ್ಟಿಯೋಪಾತ್ ಇರಲಿ, ಫಿಸಿಯೋ ಇರಲಿ, ಚಪ್ಪಲಿ ಮೆಟ್ಟಿಕೊಂಡು ಹೊರಟು ಬಾ.

ಹೆಸರಿನ ಗೊಂದಲ ನಮ್ಮ ದೇಶದಲ್ಲಿ ಹೆಚ್ಚು. ಅಮೆರಿಕದಲ್ಲಿರುವ ನಿನ್ನ ಅಕ್ಕ ತನ್ನ ಆಸ್ಟಿಯೋಪಥಿ ಡಾಕ್ಟರು ಬಿ.ಪಿ. ಮಾತ್ರೆ ಬರೆದುಕೊಡುತ್ತಾರೆ ಎಂದಾಗ ನಿನಗೆ ಆಶ್ಚರ್ಯವಾಯಿತಲ್ಲ? ಅಲ್ಲಿ ಡಿ.ಒ. ಪದವಿ ಪಡೆದವರು ಎಂ.ಡಿ.ಗಳ ಸಮಕ್ಕೆ ಪೂರ್ಣ ವೈದ್ಯರು, ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಆಸ್ಟಿಯೋಪಾತ್‌ಗಳಿಗೆ 1993ರಲ್ಲಿ, ಕೈರೋಪ್ರ್ಯಾಕ್ಟರ್‌ಗಳಿಗೆ 1994ರಲ್ಲಿ ಬೇರೆ ಬೇರೆ ಕಾಯ್ದೆ ಆಯಿತು. ನೋಂದಣಿ ಇಲ್ಲದವರು ಆ ಹೆಸರನ್ನೇ ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಈ ಎರಡಕ್ಕೂ ಮೆಡಿಕಲ್ ಕೌನ್ಸಿಲ್‌ನಂಥ ತಮ್ಮದೇ ಮಂಡಳಿ ಇಲ್ಲ. ಹಾಗಾಗಿ ಹೊರದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ವಾರದ ಶಿಬಿರ ಮುಗಿಸಿ ಬಂದವರೂ ಒಂದೇ ಬೋರ್ಡು ಬರೆಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಕೈರೋಪ್ರ್ಯಾಕ್ಟಿಕ್‌ಗೆ 2005ರಲ್ಲಿ, ಆಸ್ಟಿಯೋಪಥಿಗೆ 2010ರಲ್ಲಿ ಅಳತೆಗೋಲು ಇಟ್ಟಿದೆ. ಮೊದಲಿನಿಂದ ಕಲಿಯುವವರಿಗೆ ಎರಡಕ್ಕೂ ಒಂದೇ ಅಳತೆ: ಕಡಿಮೆಯೆಂದರೆ 4,200 ಗಂಟೆ, ಅದರಲ್ಲಿ ಸಾವಿರ ಗಂಟೆ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಿದ ಅಭ್ಯಾಸ.

ಅದಕ್ಕೇ ಸಂಕೋಚ ಬಿಟ್ಟು ಕೇಳು. ಎಲ್ಲಿ ಓದಿದಿರಿ, ಎಷ್ಟು ವರ್ಷ? ಮೂಲ ಪದವಿ ವೈದ್ಯಕೀಯವೋ ಫಿಸಿಯೋಥೆರಪಿಯೋ? ನನಗೇನಾಗಿದೆ ಅಂದುಕೊಂಡಿದ್ದೀರಿ? ಎಷ್ಟು ಸಲ ಬರಬೇಕು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ಮನೆಯಲ್ಲಿ ನಾನೇನು ಮಾಡಬೇಕು? ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ (ಕೆಪಿಎಂಇ) ನೋಂದಣಿ ಬೇಕು. ಆ ಕೆಪಿಎಂಇ ಸಂಖ್ಯೆ ಗೋಡೆಯ ಮೇಲಿದೆಯೇ ನೋಡು. ಒಳ್ಳೆಯವರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. ನಾಲ್ಕರಿಂದ ಆರು ಸಲ ಹೋಗಿ ನೋಡು. ಬಗ್ಗುವುದು, ನಡೆಯುವುದು, ನಿದ್ದೆ ಸುಧಾರಿಸಿದರೆ ಮುಂದುವರಿ. ಇಲ್ಲದಿದ್ದರೆ ನಮಸ್ಕಾರ ಹೇಳು.

ಕತ್ತಿನ ವಿಷಯದಲ್ಲಿ ಮಾತ್ರ ನನ್ನದು ಹಟ. ಕತ್ತನ್ನು ಝಟ್ಟನೆ ತಿರುಚಲು ಯಾರಿಗೂ ಬಿಡಬೇಡ, ಕಟಿಂಗ್ ಶಾಪಿನವರಿಗಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳ ಕತ್ತಿನ ಮೂಳೆಯೊಳಗೆ ಹಾದುಹೋಗುತ್ತದೆ. ಅದರ ಒಳಪದರ ಹರಿದು ಲಕ್ವ ಹೊಡೆದ ಉದಾಹರಣೆಗಳು ಅಪರೂಪಕ್ಕಾದರೂ ಇವೆ.

ದಾರಿಯನ್ನೂ ಲೆಕ್ಕಕ್ಕೆ ಹಿಡಿ. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿಲೋಮೀಟರು. ಅರ್ಧ ಗಂಟೆಯ ಚಿಕಿತ್ಸೆಗೆ ಇಡೀ ದಿನ ಸ್ಟಿಯರಿಂಗ್ ಹಿಡಿದು ಕೂತರೆ ಬೆನ್ನಿಗೆ ಲಾಭವೋ ನಷ್ಟವೋ ನೀನೇ ಹೇಳು. ವ್ಯಾಯಾಮ ಕಲಿಸಿ, ತಪ್ಪಿದರೆ ಗದರಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಹಾಸನದಲ್ಲಿ ಸಿಕ್ಕರೆ ಅದೇ ನಿನಗೆ ಹೆಚ್ಚು ಉಪಯೋಗ. ಬೆಂಗಳೂರಲ್ಲಿ ಕುರ್ಚಿಗೆ ಅಂಟಿಕೊಂಡಿದ್ದ ಬೆನ್ನನ್ನು ತೋಟಕ್ಕೆ ತಂದು ಮೊದಲ ಮಳೆಗಾಲದಲ್ಲೇ ಕಳೆ ಹೊಡೆಯುವ ಮಿಷನ್ ಹೊರಿಸಿದೆ. ಅದಕ್ಕೆ ಅಭ್ಯಾಸ ಬೇಕು. ದಿನವೂ ನಡೆ, ನಡಿಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸು. ಮಿಷನ್ನಿನ ಬೆಲ್ಟು ಎರಡೂ ಹೆಗಲಿಗೆ ಬರುವ ಹಾಗಿರಲಿ. ನೋವಿದೆ ಎಂದು ದಿನಗಟ್ಟಲೆ ಮಲಗಬೇಡ. ಮಲಗಿದಷ್ಟೂ ಬೆನ್ನು ಬಲ ಕಳೆದುಕೊಳ್ಳುತ್ತದೆ.

ಇಷ್ಟೆಲ್ಲ ನಿನ್ನ ಬೆನ್ನಿನ ಮಾತಾಯಿತು. ತೋಟದ ಲೈನ್ ಮನೆಯಲ್ಲಿರುವ ಕೆಲಸದವರ ಬೆನ್ನು ಏನಾಗಬೇಕು? ಕೊಯ್ಲಿನಲ್ಲಿ ದಿನವಿಡೀ ಬಗ್ಗಿ ಕಾಫಿ ಹಣ್ಣು ಕೊಯ್ದು, ಚೀಲ ಹೊತ್ತು ಇಳಿಜಾರು ಇಳಿಯುವ ಹೆಂಗಸರಿಗೆ ಆಸ್ಟಿಯೋಪಥಿಯೂ ಇಲ್ಲ, ಕೈರೋಪ್ರ್ಯಾಕ್ಟಿಕ್ಕೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಬಿಡಿಯಾಗಿ ಕೊಂಡ ನೋವಿನ ಮಾತ್ರೆಯೇ ಗತಿ. ಅದನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಮುಂದಿನ ಕೊಯ್ಲಿಗೆ ತೋಟದ ರೈಟರಿಗೆ ಹೇಳು: ಚೀಲ ಸಣ್ಣದಿರಲಿ, ಇಳಿಜಾರಿನ ಪಟ್ಟೆಗಳಿಗೆ ಜೀಪು ಆದಷ್ಟು ಹತ್ತಿರ ಹೋಗಲಿ, 50 ಕೆಜಿಯ ಮೂಟೆ ಎತ್ತಲು ಇಬ್ಬರು ಬರಲಿ. ಯಾರಾದರೂ ಸೊಂಟ ಹಿಡಿದುಕೊಂಡು ಕೂತರೆ ಸೋಮಾರಿತನ ಎನ್ನಬೇಡ, ಆಸ್ಪತ್ರೆಗೆ ಕಳಿಸಿ ಆ ದಿನದ ಸಂಬಳ ಕೊಡು. ನಿನಗೆ ಬಂದ ನೋವು ಇಷ್ಟನ್ನಾದರೂ ಕಲಿಸಲಿ.

ಮೊದಲು ವೈದ್ಯರಿಗೆ ತೋರಿಸು. ಆಮೇಲೆ ಈ ಇಬ್ಬರಲ್ಲಿ ಯಾರ ಬಳಿ ಹೋದರೂ ನನ್ನ ಅಭ್ಯಂತರವಿಲ್ಲ. ಆರು ಸಲ ಮುಗಿದ ಮೇಲೆ ಫೋನ್ ಮಾಡು. ನೋವು ಎಷ್ಟು ಕಡಿಮೆಯಾಯಿತು ಎಂದು ನಾನು ಕೇಳುವುದಿಲ್ಲ. ತೋಟದಲ್ಲಿ ಎಷ್ಟು ದೂರ ನಡೆದೆ, ಯಾವ ಕೆಲಸಕ್ಕೆ ಮತ್ತೆ ಕೈ ಹಾಕಿದೆ, ಅದನ್ನು ಹೇಳು.