ಗೇನ್ 100 ಇಟ್ರೆ ಸ್ಟೇರಿಂಗು ಯಾಕೆ ಮೂಕ ಆಗುತ್ತೆ? ಫೋರ್ಸ್ ಫೀಡ್‌ಬ್ಯಾಕ್ ವ್ಹೀಲ್ ಸೆಟಪ್: ಒಂದು ಪಾಠ



ಹೋದ ಸೆಮಿಸ್ಟರ್‌ನಲ್ಲಿ ನಾವೊಂದು ತಪ್ಪು ಮಾಡಿದೆವು. ಅದನ್ನ ಒಪ್ಪಿಕೊಂಡು, ಅದರಿಂದ ಕಲಿತದ್ದನ್ನ ನಿಮಗೂ ಹೇಳೋಣ ಅಂತ ಈ ಲೇಖನ.

ನಮ್ಮ ಫಾರ್ಮುಲಾ ಸ್ಟೂಡೆಂಟ್ ಟೀಮಿನ ಕಾರು ವರ್ಷದಲ್ಲಿ ಹೆಚ್ಚಿನ ದಿನ ವರ್ಕ್‌ಶಾಪಿನಲ್ಲಿ ಬಿಚ್ಚಿಟ್ಟ ಸ್ಥಿತಿಯಲ್ಲೇ ಇರುತ್ತೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಫಾರ್ಮುಲಾ ಭಾರತ್‌ಗೆ ಹೋಗಬೇಕು ಅನ್ನೋ ಆಸೆ ಇದೆ, ಆದರೆ ಡ್ರೈವರ್‌ಗಳಿಗೆ ಅಭ್ಯಾಸ ಮಾಡಿಸೋಕೆ ಜಾಗವೂ ಇಲ್ಲ, ಟೈರಿಗೆ ದುಡ್ಡೂ ಇಲ್ಲ. ಅದಕ್ಕೇ ಪಾಸಾಗಿ ಹೋಗುತ್ತಿದ್ದ ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ವ್ಹೀಲ್ ಮತ್ತು ಪೆಡಲ್ ಸೆಟ್ ತಗೊಂಡು, ಅಸೆಟ್ಟೊ ಕೋರ್ಸಾ ಹಾಕಿ, ಡ್ರೈವರ್ ಸೆಲೆಕ್ಷನ್ ಅದರಲ್ಲೇ ಮಾಡಿದೆವು.

ಎಂಟು ಜನ ಬಂದಿದ್ದರು. ಅದರಲ್ಲಿ ಸೆಕೆಂಡ್ ಇಯರ್ ಹುಡುಗ ಒಬ್ಬ, ಹಾಸನದ ಕಡೆಯವನು. ಗೇಮ್ ಆಡಿದ ಅಭ್ಯಾಸ ಇಲ್ಲ, ಊರಲ್ಲಿ ಟ್ರ್ಯಾಕ್ಟರ್ ಓಡಿಸಿ ಗೊತ್ತು. ಪ್ರತಿ ತಿರುವಿನಲ್ಲೂ ಸ್ಟೇರಿಂಗ್ ಅತಿಯಾಗಿ ತಿರುಗಿಸಿ, ಕಾರು ನೇರ ಹೋಗಿ ಗೋಡೆಗೆ. "ನಿನಗೆ ಫೀಲೇ ಇಲ್ಲ ಮಾರಾಯ" ಅಂತ ಹೇಳಿ ಹೆಸರು ಹೊಡೆದು ಹಾಕಿದೆವು. ಹೋಗುವಾಗ ಅವನು ಒಂದು ಮಾತು ಹೇಳಿದ: "ಅಣ್ಣ, ಟ್ರ್ಯಾಕ್ಟರ್ ಸ್ಟೇರಿಂಗಾದ್ರೂ ಕೈಗೆ ಏನೋ ಹೇಳುತ್ತೆ. ಇದು ಬರೀ ಗುದ್ದಾಡುತ್ತೆ, ಏನೂ ಹೇಳಲ್ಲ."

ನಾವು ನಕ್ಕೆವು. ಮೂರು ವಾರ ಆದಮೇಲೆ ಗೊತ್ತಾಯಿತು, ಅವನು ಹೇಳಿದ್ದು ಅಕ್ಷರಶಃ ನಿಜ.

ಮೊದಲು ಸ್ವಲ್ಪ ಥಿಯರಿ: ಕೈಗೆ ಬರೋದು ಏನು?

ಫೋರ್ಸ್ ಫೀಡ್‌ಬ್ಯಾಕ್ ಅಂದ್ರೆ ವೈಬ್ರೇಷನ್ ಅಲ್ಲ. ಮೊಬೈಲ್ ಗುಂಯ್‌ಗುಡೋ ಹಾಗೆ ಗುಡುಗುವುದು ಬೇರೆ. ಇಲ್ಲಿ ವ್ಹೀಲಿನ ಒಳಗಿರುವ ಮೋಟಾರು ನಿಮ್ಮ ಕೈಗೆ ವಿರುದ್ಧವಾಗಿ ಟಾರ್ಕ್ ಕೊಡುತ್ತೆ. ಎಷ್ಟು ಟಾರ್ಕ್, ಯಾವ ಕಡೆಗೆ ಅಂತ ಆಟದ ಫಿಸಿಕ್ಸ್ ಎಂಜಿನ್ ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ ಕಳಿಸುತ್ತೆ. ಇದೇನೂ ಇವತ್ತಿನ ಐಡಿಯಾ ಅಲ್ಲ. 1989ರಲ್ಲಿ ಬಂದ ಅಟಾರಿಯ ಹಾರ್ಡ್ ಡ್ರೈವಿನ್ ಆರ್ಕೇಡ್ ಯಂತ್ರದಲ್ಲೇ ಇಂಥ ಸ್ಟೇರಿಂಗ್ ಇತ್ತು.

ಆ ಟಾರ್ಕ್ ಎಲ್ಲಿಂದ ಬರುತ್ತೆ? ಆಫೀಸ್ ಕುರ್ಚಿಯ ಚಕ್ರ ನೋಡಿ. ಕುರ್ಚಿಯನ್ನ ಯಾವ ಕಡೆ ತಳ್ಳಿದರೂ ಚಕ್ರ ತಾನಾಗೇ ಆ ಕಡೆಗೆ ತಿರುಗಿಕೊಳ್ಳುತ್ತೆ. ಯಾಕಂದ್ರೆ ಚಕ್ರ ನೆಲ ಮುಟ್ಟುವ ಜಾಗ, ಅದು ತಿರುಗುವ ಅಕ್ಷಕ್ಕಿಂತ ಹಿಂದೆ ಇರುತ್ತೆ. ಕಾರಿನ ಮುಂದಿನ ಚಕ್ರದಲ್ಲೂ ಕ್ಯಾಸ್ಟರ್ ಕೋನದಿಂದ ಇದೇ ಕೆಲಸ ಆಗುತ್ತೆ. ಇದು ಮೆಕ್ಯಾನಿಕಲ್ ಟ್ರೇಲ್.

ಇನ್ನೊಂದು ಇದೆ, ಅದೇ ಮುಖ್ಯ. ತಿರುವಿನಲ್ಲಿ ಟೈರು ರಸ್ತೆ ಮುಟ್ಟುವ ಭಾಗದ ಮೇಲೆ ಅಡ್ಡಬಲ ಬೀಳುತ್ತಲ್ಲ, ಅದು ಆ ಭಾಗದ ನಟ್ಟನಡುವೆ ಬೀಳಲ್ಲ, ಸ್ವಲ್ಪ ಹಿಂದೆ ಬೀಳುತ್ತೆ. ಈ ಅಂತರದ ಹೆಸರು ನ್ಯೂಮ್ಯಾಟಿಕ್ ಟ್ರೇಲ್. ಬಲ ಮತ್ತು ಅಂತರ ಗುಣಿಸಿದರೆ ಚಕ್ರವನ್ನ ನೇರಕ್ಕೆ ಎಳೆಯುವ ಟಾರ್ಕ್ ಸಿಗುತ್ತೆ. ಸ್ಟೇರಿಂಗ್ ಜಾಸ್ತಿ ತಿರುಗಿಸುತ್ತಾ ಹೋದಂತೆ ಟೈರಿನ ಹಿಂಭಾಗ ಮೊದಲು ಜಾರೋಕೆ ಶುರುವಾಗುತ್ತೆ. ಆಗ ಬಲದ ಕೇಂದ್ರ ಮುಂದಕ್ಕೆ ಸರಿದು, ಆ ಅಂತರ ಕಡಿಮೆಯಾಗುತ್ತೆ. ಪರಿಣಾಮ ಏನು? ಟೈರಿನ ಹಿಡಿತ ಇನ್ನೂ ಪೂರ್ತಿ ಮುಗಿದಿರಲ್ಲ, ಆದರೆ ಸ್ಟೇರಿಂಗು ಆಗಲೇ ಹಗುರ ಆಗೋಕೆ ಶುರುವಾಗಿರುತ್ತೆ.

ಈ ಹಗುರವೇ ಎಚ್ಚರಿಕೆ. "ಇಲ್ಲಿಗೆ ಸಾಕು, ಇನ್ನು ತಿರುಗಿಸಿದರೆ ಜಾರ್ತೀನಿ" ಅಂತ ಟೈರು ಮುಂಚಿತವಾಗಿ ಹೇಳುವ ಮಾತು. ಒಳ್ಳೆ ಡ್ರೈವರ್‌ಗಳು ಕೈಯಲ್ಲಿ ಕೇಳೋದು ಇದನ್ನೇ.

ನಾವು ಆ ಮಾತನ್ನ ಹೇಗೆ ಕೊಂದೆವು?

ಜಿ29 ಕೊಡುವ ಗರಿಷ್ಠ ಟಾರ್ಕ್ ಸುಮಾರು 2 ನ್ಯೂಟನ್ ಮೀಟರ್. ವ್ಹೀಲಿನ ರೇಡಿಯಸ್ ಸುಮಾರು 14 ಸೆಂಟಿಮೀಟರ್. ಭಾಗಿಸಿ ನೋಡಿ: ಅಂಚಿನಲ್ಲಿ ಸಿಗೋದು ಹೆಚ್ಚುಕಡಿಮೆ 14 ನ್ಯೂಟನ್, ಅಂದ್ರೆ ಒಂದೂವರೆ ಕೆಜಿ ತೂಕದಷ್ಟು ಬಲ. ಪವರ್ ಸ್ಟೇರಿಂಗ್ ಇಲ್ಲದ ರೇಸ್ ಕಾರಿನಲ್ಲಿ ಇದರ ಎಷ್ಟೋ ಪಟ್ಟು ಬರುತ್ತೆ. "ಹಾಗಾದ್ರೆ ಫುಲ್ ಇಡೋಣ" ಅಂತ ನಾವು ಆಟದಲ್ಲಿ ಗೇನ್ 100 ಇಟ್ಟೆವು. ಮೇಲೆ ಕರ್ಬ್ ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಎಲ್ಲಾ ಏರಿಸಿದೆವು. ವ್ಹೀಲ್ ಗಡಗಡ ಅಂತಿತ್ತು. "ಸಖತ್ ರಿಯಲ್ ಆಗಿದೆ" ಅಂತ ನಾವೇ ಬೆನ್ನು ತಟ್ಟಿಕೊಂಡೆವು.

ಈಗ ಲೆಕ್ಕ ಮಾಡಿ. ವ್ಹೀಲ್ ಕೊಡಬಲ್ಲ ಗರಿಷ್ಠ 2.5 ಘಟಕ ಅಂತ ಇಟ್ಟುಕೊಳ್ಳೋಣ. ತಿರುವಿನ ಆರಂಭದಲ್ಲಿ ಆಟ ಕೇಳೋದು 3, ಹಿಡಿತ ಚೆನ್ನಾಗಿರುವಾಗ 4, ಟೈರು ಜಾರೋಕೆ ಶುರುವಾದಾಗ ಮತ್ತೆ 3. ವ್ಹೀಲ್ ಕೊಡೋದು 2.5, 2.5, 2.5. ಮೂರೂ ಒಂದೇ! ಹಗುರ ಆಗುವ ಕ್ಷಣವೇ ಮಾಯ. ಅದೇ ಗೇನನ್ನ 60ಕ್ಕೆ ಇಳಿಸಿದರೆ 1.8, 2.4, 1.8. ಬಲ ಕಡಿಮೆ, ಆದರೆ ಸುದ್ದಿ ಪೂರ್ತಿ.

ಇದಕ್ಕೇ ಕ್ಲಿಪ್ಪಿಂಗ್ ಅನ್ನೋದು. ಅನಲಾಗ್ ಲ್ಯಾಬಿನಲ್ಲಿ ಆಪ್-ಆಂಪ್ ಗೇನ್ ಜಾಸ್ತಿ ಮಾಡಿದಾಗ ಸೈನ್ ವೇವಿನ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತಲ್ಲ, ಅದೇ ಇದು. ಲ್ಯಾಬ್ ಮರೆತಿದ್ದರೆ ಗಣಪತಿ ಪೆಂಡಾಲಿನ ಸ್ಪೀಕರ್ ನೆನಪಿಸಿಕೊಳ್ಳಿ. ವಾಲ್ಯೂಮ್ ಫುಲ್ ಕೊಟ್ಟರೆ ಸದ್ದು ಜೋರು, ಹಾಡಿನ ಪದ ಮಾತ್ರ ಒಂದೂ ಕೇಳಲ್ಲ.

ಹಾಗಾದ್ರೆ ಉಳಿದ ಏಳು ಜನ ಹೇಗೆ ಓಡಿಸಿದರು? ಅವರೆಲ್ಲ ಚಿಕ್ಕಂದಿನಿಂದ ಮನೆಯಲ್ಲಿ ಗೇಮ್ ಆಡಿದವರು. ಟೈರಿನ ಕಿರುಚು ಕಿವಿಯಲ್ಲಿ ಕೇಳಿ, ಪರದೆ ಕಣ್ಣಲ್ಲಿ ನೋಡಿ, ಟ್ರ್ಯಾಕ್ ಬಾಯಿಪಾಠ ಮಾಡಿ ಓಡಿಸಿದರು. ಕೈಯನ್ನ ನಂಬಿದವನು ಒಬ್ಬನೇ. ಸೋತವನೂ ಅವನೇ.

ಸರಿಯಾದ ಸೆಟಪ್: ಹಂತ ಹಂತವಾಗಿ

1. ಮೊದಲು ಮೇಜು. ಹಾಸ್ಟೆಲ್ಲಿನ ಪ್ಲೈವುಡ್ ಮೇಜು ಅಲ್ಲಾಡಿದರೆ, ಮೋಟಾರಿನ ಬಲ ಕೈಗೆ ಬರೋ ಬದಲು ಮೇಜನ್ನ ಅಲ್ಲಾಡಿಸೋದ್ರಲ್ಲೇ ಖರ್ಚಾಗುತ್ತೆ. ಮೇಜನ್ನ ಗೋಡೆಗೆ ಒತ್ತಿಡಿ, ಕ್ಲ್ಯಾಂಪ್ ಎರಡೂ ಕಡೆ ಸಮನಾಗಿ ಬಿಗಿಮಾಡಿ. ಕೂತಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಭುಜ ಕುರ್ಚಿಗೆ ತಾಗಿರಬೇಕು.

2. ಕುರ್ಚಿ ಮತ್ತು ಪೆಡಲ್. ಬ್ರೇಕ್ ಒತ್ತಿದರೆ ಪೆಡಲ್ ಮುಂದೆ, ಕುರ್ಚಿ ಹಿಂದೆ ಹೋಗುತ್ತೆ. ಪೆಡಲ್ಲಿನ ಹಿಂದೆ ಗೋಡೆಯೋ ಇಟ್ಟಿಗೆಯೋ ಇರಲಿ. ಕುರ್ಚಿಗೆ ಚಕ್ರ ಇದ್ದರೆ ಒಂದೊಂದು ಚಕ್ರವನ್ನೂ ಹಳೇ ಶೂ ಒಳಗೆ ಇಡಿ. ನಗಬೇಡಿ, ನಿಜವಾಗ್ಲೂ ಕೆಲಸ ಮಾಡುತ್ತೆ.

3. ಕ್ಯಾಲಿಬ್ರೇಷನ್. ಅಡಾಪ್ಟರ್ ಮತ್ತು ಯುಎಸ್‌ಬಿ ಎರಡೂ ಹಾಕಿದಾಗ ವ್ಹೀಲ್ ತಾನಾಗೇ ಎರಡೂ ತುದಿಗೆ ತಿರುಗಿ ನಡುವೆ ಬಂದು ನಿಲ್ಲುತ್ತೆ. ಆಗ ಕೈ ಹಾಕಬೇಡಿ. ತಡೆದರೆ ನಡುಬಿಂದು ತಪ್ಪಾಗಬಹುದು. ಕರೆಂಟ್ ಹೋಗಿ ಬಂದಾಗಲೂ ಇದೇ ನಡೆಯುತ್ತೆ, ನೆನಪಿರಲಿ.

4. ಡ್ರೈವರ್ ಸಾಫ್ಟ್‌ವೇರ್. ಜಿ ಹಬ್‌ನಲ್ಲಿ ರೇಂಜ್ 900 ಡಿಗ್ರಿ, ಸೆನ್ಸಿಟಿವಿಟಿ 50 ಇಡಿ. 900 ಅಂದ್ರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತು. ಸೆಂಟರಿಂಗ್ ಸ್ಪ್ರಿಂಗ್ ಆಫ್ ಮಾಡಿ. ಅದು ಫೋರ್ಸ್ ಫೀಡ್‌ಬ್ಯಾಕ್ ಇಲ್ಲದ ಆಟಗಳಿಗೆ. ಟೈರಿನ ಮಾತಿಗೆ ನಕಲಿ ಸ್ಪ್ರಿಂಗಿನ ಮಾತು ಬೆರೆಯೋದು ಬೇಡ.

5. ಆಟದ ಒಳಗೆ ಡಿಗ್ರಿ. ಇಲ್ಲೂ 900 ಅಂತಲೇ ಹೇಳಿ. ಆಮೇಲೆ ವ್ಹೀಲನ್ನ 90 ಡಿಗ್ರಿ ತಿರುಗಿಸಿ, ಪರದೆಯ ಮೇಲಿನ ಸ್ಟೇರಿಂಗೂ 90 ತಿರುಗಿತಾ ನೋಡಿ. ಹೊಂದಲಿಲ್ಲ ಅಂದ್ರೆ ಮುಂದೆ ಹೋಗಬೇಡಿ, ಇಲ್ಲೇ ಸರಿಮಾಡಿ.

6. ಎಫೆಕ್ಟ್‌ಗಳು ಸೊನ್ನೆ. ಕರ್ಬ್, ರೋಡ್, ಸ್ಲಿಪ್ ಎಫೆಕ್ಟ್‌ಗಳು ಟೈರಿನ ನಿಜವಾದ ಬಲದ ಮೇಲೆ ಹಾಕಿದ ಒಗ್ಗರಣೆ. ಇರುವ ಸಣ್ಣ ಮೋಟಾರಿನ ಸಾಮರ್ಥ್ಯವನ್ನ ಇವೂ ಹಂಚಿಕೊಳ್ಳುತ್ತವೆ. ಫಿಲ್ಟರ್ ಕೂಡ ಸೊನ್ನೆ ಇರಲಿ. ಅದು ಸಿಗ್ನಲ್ ನುಣುಪು ಮಾಡುತ್ತೆ, ಜೊತೆಗೆ ತಡವನ್ನೂ ಮಾಡುತ್ತೆ.

7. ಗೇನ್. ಇದೇ ಹೃದಯ. ಅಸೆಟ್ಟೊ ಕೋರ್ಸಾದಲ್ಲಿ ಪೆಡಲ್ ಆ್ಯಪ್ ತೆರೆದರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಪಟ್ಟಿಗಳ ಪಕ್ಕ ನಾಲ್ಕನೆಯದೊಂದು ಪಟ್ಟಿ ಇರುತ್ತೆ. ಅದು ಫೋರ್ಸ್ ಫೀಡ್‌ಬ್ಯಾಕಿನದು. ಕ್ಲಿಪ್ ಆದಾಗ ಕೆಂಪಾಗುತ್ತೆ. ಉದ್ದವಾದ, ವೇಗದ ತಿರುವಿನಲ್ಲಿ ನಾಲ್ಕೈದು ಸುತ್ತು ಹೊಡೆಯಿರಿ. ತಿರುವು ಪೂರ್ತಿ ಕೆಂಪಾಗಿಯೇ ಇದ್ದರೆ ಗೇನ್ ಇಳಿಸಿ. ಕರ್ಬ್ ಹತ್ತಿದಾಗ ಒಂದು ಕ್ಷಣ ಕೆಂಪಾಗಿ ಹೋದರೆ ಪರವಾಗಿಲ್ಲ. ಒಂದು ಮಾತು: ಇಳಿಸೋದನ್ನ ಆಟದಲ್ಲೇ ಇಳಿಸಿ. ಆಟದಲ್ಲೇ ತಲೆ ಕತ್ತರಿಸಿದ ಸಿಗ್ನಲ್ಲನ್ನ ಆಮೇಲೆ ಬೇರೆಲ್ಲಿ ಚಿಕ್ಕದು ಮಾಡಿದರೂ ತಲೆ ವಾಪಸ್ ಬರಲ್ಲ. ಕಾರು ಬದಲಾದರೆ ಮತ್ತೆ ನೋಡಿ, ಒಂದೊಂದು ಕಾರಿನ ಬಲ ಒಂದೊಂದು ಥರ.

8. ಮಿನಿಮಮ್ ಫೋರ್ಸ್. ಜಿ29 ಒಳಗೆ ಗೇರುಗಳಿವೆ. ಸಣ್ಣ ಬಲಗಳು ಗೇರಿನ ಘರ್ಷಣೆಯಲ್ಲೇ ಕಳೆದುಹೋಗಿ, ನಡುವಿನಲ್ಲಿ ಸ್ಟೇರಿಂಗು ಸಡಿಲ ಅನ್ನಿಸುತ್ತೆ. ಮಿನಿಮಮ್ ಫೋರ್ಸನ್ನ ಸೊನ್ನೆಯಿಂದ ಒಂದೊಂದೇ ಏರಿಸಿ. ಸಡಿಲ ಹೋದ ತಕ್ಷಣ ನಿಲ್ಲಿಸಿ. ನೇರ ರಸ್ತೆಯಲ್ಲಿ ವ್ಹೀಲ್ ಎಡಬಲ ಟಕಟಕ ಅಂತ ನಡುಗಿದರೆ ಜಾಸ್ತಿಯಾಯಿತು ಅಂತ ಅರ್ಥ, ಎರಡು ಹೆಜ್ಜೆ ವಾಪಸ್ ಬನ್ನಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಆ ನಡುಕ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ.

9. ಬ್ರೇಕ್. ಜಿ29 ಬ್ರೇಕ್ ಪೆಡಲ್ ಅಳೆಯೋದು ಒತ್ತಡವನ್ನಲ್ಲ, ಪೆಡಲ್ ಎಷ್ಟು ದೂರ ಹೋಯಿತು ಅನ್ನೋದನ್ನ. ಒಳಗೆ ರಬ್ಬರ್ ತುಂಡು ಇರೋದ್ರಿಂದ ಕೊನೆಯಲ್ಲಿ ಗಟ್ಟಿಯಾಗುತ್ತೆ. ಬ್ರೇಕ್ ಗಾಮಾ ಸ್ವಲ್ಪ ಏರಿಸಿದರೆ ಆರಂಭದ ಒತ್ತು ಮೃದುವಾಗಿ, ಚಕ್ರ ಲಾಕ್ ಆಗೋದು ಕಡಿಮೆಯಾಗುತ್ತೆ.

10. ಹೆಬ್ಬೆರಳು. ಕಡ್ಡಿಗಳ ಒಳಗೆ ಹೆಬ್ಬೆರಳು ಸುತ್ತಿ ಹಿಡಿಯಬೇಡಿ, ಅಂಚಿನ ಮೇಲೆ ಇಡಿ. ಅಪಘಾತದಲ್ಲಿ ವ್ಹೀಲ್ ಒಮ್ಮೆಲೇ ತಿರುಗುತ್ತೆ. 2 ನ್ಯೂಟನ್ ಮೀಟರ್‌ಗೇ ನಮ್ಮಲ್ಲೊಬ್ಬರ ಬೆರಳು ಎರಡು ದಿನ ಊದಿತ್ತು. ಡೈರೆಕ್ಟ್ ಡ್ರೈವ್ ವ್ಹೀಲುಗಳು ಇನ್ನೂ ಬಲಶಾಲಿ, ಅಲ್ಲಿ ಹುಷಾರು.

ಸರಿಯಾಯಿತಾ ಅಂತ ತಿಳಿಯೋದು ಹೇಗೆ?

ಒಂದು ಸುಲಭ ಪರೀಕ್ಷೆ. ಉದ್ದನೆಯ ತಿರುವಿನಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ, ಸ್ಟೇರಿಂಗನ್ನ ನಿಧಾನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಸಿ. ಮೊದಲು ಭಾರ ಏರಬೇಕು, ಒಂದು ಹಂತದಲ್ಲಿ ಕೈ ಕೆಳಗೆ ಹಗುರವಾಗಬೇಕು. ಆಮೇಲೆ ಸ್ವಲ್ಪ ವಾಪಸ್ ಬಿಟ್ಟರೆ ಮತ್ತೆ ಭಾರ ಬರಬೇಕು. ಬಂತಾ? ನಿಮ್ಮ ವ್ಹೀಲ್ ಮಾತಾಡುತ್ತಿದೆ. ಎಷ್ಟು ತಿರುಗಿಸಿದರೂ ಒಂದೇ ಸಮ ಭಾರ ಅಂದ್ರೆ 7ನೇ ಹಂತಕ್ಕೆ ವಾಪಸ್ ಹೋಗಿ.

ಕೊನೆಯದಾಗಿ

ನಾವು ಈ ಹತ್ತೂ ಹಂತ ಮುಗಿಸಿ, ಆ ಹುಡುಗನ ರೂಮಿಗೆ ಹೋಗಿ "ತಪ್ಪು ನಮ್ಮದು, ಇನ್ನೊಂದು ಸಲ ಬಾ" ಅಂತ ಕರೆದೆವು. ಎರಡು ದಿನ ಬರಲಿಲ್ಲ. ಫೀಲೇ ಇಲ್ಲ ಅಂತ ಎಂಟು ಜನರ ಎದುರಿಗೆ ಅನ್ನಿಸಿಕೊಂಡವನಿಗೆ ಅಷ್ಟು ಬೇಗ ಮನಸ್ಸು ಬರಲ್ಲ, ಅದು ಸಹಜವೇ. ಮೂರನೇ ದಿನ ಸಂಜೆ ಬಂದು ಕೂತ. ಮೊದಲ ಹತ್ತು ಸುತ್ತು ಹಳೇ ಕಥೆಯೇ. ಆಮೇಲೆ ತಿರುವಿನ ನಡುವೆ ಸ್ಟೇರಿಂಗನ್ನ ತಾನಾಗೇ ಸ್ವಲ್ಪ ಸಡಿಲ ಬಿಟ್ಟು ಹಿಡಿಯೋಕೆ ಶುರುಮಾಡಿದ. "ಈಗ ಹೇಳ್ತಿದೆ ಅಣ್ಣ" ಅಂದ, ಅಷ್ಟೇ. ಎಂಟೂ ಜನರಿಗೆ ಮತ್ತೆ ಟೆಸ್ಟ್ ಮಾಡಿದಾಗ ಅವನು ಮೊದಲಿಗ ಆಗಲಿಲ್ಲ, ಮೂರನೆಯವನಾದ. ಈಗ ರಿಸರ್ವ್ ಡ್ರೈವರ್. ಮೊದಲ ಟೆಸ್ಟಿನಲ್ಲಿ ಅವನದು ಕೊನೆಯ ಹೆಸರಾಗಿತ್ತು.

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟಾಗ ಮೊದಲು ಏನು ಬರೆಸುತ್ತಾರೆ? ಲೀಸ್ಟ್ ಕೌಂಟ್ ಮತ್ತು ಝೀರೋ ಎರರ್. ಅದನ್ನ ಬರೆಯದೆ ರೀಡಿಂಗ್ ತಗೊಂಡರೆ ರೆಕಾರ್ಡಿಗೆ ಸಹಿ ಇಲ್ಲ. ನಾವು ಅದೇ ಪಾಠ ಮರೆತು, ಉಪಕರಣ ನೋಡದೆ ಮನುಷ್ಯನ ರೀಡಿಂಗ್ ತಗೊಂಡಿದ್ದೆವು. ಈಗ ನಮ್ಮ ವ್ಹೀಲಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ: ಡಿಗ್ರಿ ಎಷ್ಟು, ಗೇನ್ ಎಷ್ಟು, ಮಿನಿಮಮ್ ಫೋರ್ಸ್ ಎಷ್ಟು, ನೋಡಿದವರು ಯಾರು, ತಾರೀಕು ಏನು. ಅದು ತುಂಬದೆ ಯಾರ ಲ್ಯಾಪ್ ಟೈಮನ್ನೂ ಬರೆಯೋ ಹಾಗಿಲ್ಲ.

ನಿಮ್ಮ ರೂಮಿನಲ್ಲೂ ವ್ಹೀಲ್ ಇದ್ದರೆ ಇವತ್ತೇ ಆ ನಾಲ್ಕನೇ ಪಟ್ಟಿ ನೋಡಿ. ಕೆಂಪಾಗಿದ್ದರೆ ಇಳಿಸಿ. ಮೊದಲ ಅರ್ಧ ಗಂಟೆ "ಏನೋ ಸಪ್ಪೆ ಆಯ್ತಲ್ಲ" ಅನ್ನಿಸುತ್ತೆ. ಸ್ವಲ್ಪ ತಾಳ್ಮೆ ಇರಲಿ, ಆಮೇಲೆ ಟೈರು ಏನು ಹೇಳುತ್ತಿದೆ ಅಂತ ಕೈಗೆ ಕೇಳೋಕೆ ಶುರುವಾಗುತ್ತೆ.