ಅಟ್ಟದಿಂದ ಇಳಿದ ದೀಪ

ನಮ್ಮ ಕಲಿಕಾ ಕೇಂದ್ರ ಇರುವುದು ಜೆ.ಪಿ. ನಗರದಲ್ಲಿ. ಸಂಜೆ ಕೆಲಸ ಮುಗಿಸಿ ನಾವೆಲ್ಲ ಇಲ್ಲಿ ಸೇರುತ್ತೇವೆ. ನಮ್ಮಲ್ಲಿ ಮನೆಗೆಲಸ ಮಾಡುವವರೇ ಹೆಚ್ಚು. ಈ ಕಡೆ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಏನೇನೋ ಸಾಮಾನು ಇಳಿಯುತ್ತೆ.

ಒಂದು ದಿನ ನಮ್ಮ ಜೊತೆ ಓದುವ ಅಕ್ಕ ಒಬ್ಬರು ಚೀಲ ಹೊತ್ತು ಬಂದರು. ಚೀಲದಲ್ಲಿ ಒಂದು ಹಿತ್ತಾಳೆ ದೀಪಾಲೆ ಕಂಬ, ಒಂದು ಲಾಟೀನು.

"ಕೆಲಸದ ಮನೆ ಅಮ್ಮಾವ್ರು ಕೊಟ್ರು. ಗುಜರಿಯವನು ಎರಡಕ್ಕೂ ಸೇರಿ 900 ರೂಪಾಯಿ ಕೊಡ್ತೀನಿ ಅಂದ. ಮಗಳ ಫೀಸು ಕಟ್ಟಬೇಕು. ಕೊಟ್ಟುಬಿಡ್ಲಾ?" ಅಂತ ಕೇಳಿದರು.

"ಇವತ್ತು ಬೇಡ, ಸ್ವಲ್ಪ ತಾಳಿ" ಅಂದೆವು.

ಹಳೆಯ ದೀಪಕ್ಕೆ ಎರಡು ಬೆಲೆ ಇರುತ್ತೆ. ಒಂದು ಲೋಹದ ಬೆಲೆ. ಅದು ತೂಕದ ಲೆಕ್ಕ. ಇನ್ನೊಂದು ವಸ್ತುವಿನ ಬೆಲೆ. ಅದು ಕೆಲಸ, ಕಾಲ, ಅಂದ ನೋಡಿ ಕೊಡುವ ಬೆಲೆ. ಗುಜರಿಯವನು ಹೇಳುವುದು ಮೊದಲನೆಯದನ್ನು ಮಾತ್ರ.

ಮೊದಲು ಅಯಸ್ಕಾಂತ ಹಿಡಿದು ನೋಡಿದೆವು. ಹಳೇ ಸ್ಪೀಕರಿನ ಅಯಸ್ಕಾಂತ ಸಾಕು. ಅದು ಹಿತ್ತಾಳೆಗೆ ಅಂಟುವುದಿಲ್ಲ, ಕಬ್ಬಿಣಕ್ಕೆ ಅಂಟುತ್ತೆ. ಕೆಲವು ದೀಪಗಳಿಗೆ ಹೊರಗೆ ಮಾತ್ರ ಹಿತ್ತಾಳೆ ಬಣ್ಣ, ಒಳಗೆ ಕಬ್ಬಿಣ. ನಮ್ಮ ದೀಪಕ್ಕೆ ಅಂಟಲಿಲ್ಲ. ಆದರೆ ಅಲ್ಯೂಮಿನಿಯಮ್‌ಗೂ ಅಂಟುವುದಿಲ್ಲವಲ್ಲ! ಅದಕ್ಕೇ ಕಾಲಡಿ, ಕಾಣದ ಕಡೆ, ಮೊಳೆಯಿಂದ ಒಂದು ಚಿಕ್ಕ ಗೀರು ಎಳೆದೆವು. ಒಳಗೂ ಹಳದಿ. ಕೈಗೂ ಭಾರ. ಹಿತ್ತಾಳೆಯೇ ಸರಿ.

ಆಮೇಲೆ ತೂಕ. ಗುಜರಿಯವನು 2 ಕಿಲೋ 250 ಗ್ರಾಂ ಅಂದಿದ್ದ. ಕಿಲೋಗೆ 400 ರೂಪಾಯಿ. ನಾವು ದಿನಸಿ ಅಂಗಡಿಯಲ್ಲಿ ತೂಗಿಸಿದೆವು. ಸರಿಯಾಗಿ 3 ಕಿಲೋ! ಅಂದರೆ 1200 ರೂಪಾಯಿ. 300 ರೂಪಾಯಿ ತಕ್ಕಡಿಯಲ್ಲೇ ಹೋಗುತ್ತಿತ್ತು. ಲಾಟೀನಿಗೆ ಒಂದು ಕಾಸೂ ಇಲ್ಲ.

ತಕ್ಕಡಿ ಮೇಲೆ ಅನುಮಾನ ಬಂದರೆ ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ತೂಗಿಸಿ. ಒಂದು ಕಿಲೋಗಿಂತ ಕಡಿಮೆ ತೋರಿಸಿದರೆ ಆ ತಕ್ಕಡಿ ಬೇಡ. ವ್ಯಾಪಾರದ ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ತೋರಿಸಿ ಅಂತ ಕೇಳಲು ನಾಚಿಕೆ ಬೇಡ.

ದೀಪವನ್ನು ತಿರುಗಿಸಿ ನೋಡುವಾಗ ಕಾಲಡಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ ಕಂಡವು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅದು ಮನೆಯ ಅಮ್ಮಾವ್ರ ಅತ್ತೆಯ ಹೆಸರು! ಹಿಂದೆ ಪಾತ್ರೆಗಳ ಮೇಲೆ ಹೀಗೆ ಹೆಸರು ಹಾಕಿಸುತ್ತಿದ್ದರು. ಓದಿ ಅಕ್ಕನಿಗೆ ಭಯ ಆಯ್ತು. "ಕದ್ದು ತಂದೆ ಅಂದ್ರೆ ಏನು ಮಾಡ್ಲಿ?"

ಮಾತು ನಿಜ. ಬಾಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಮಾರನೇ ದಿನ ಅಕ್ಕ ಅಮ್ಮಾವ್ರ ಹತ್ತಿರ ಒಂದು ಚೀಟಿ ಬರೆಸಿಕೊಂಡರು. ಏನು ಕೊಟ್ಟರು, ಯಾರಿಗೆ ಕೊಟ್ಟರು, ತಾರೀಖು, ಸಹಿ. ಸಹಿ ಹಾಕುವ ಮೊದಲು ಅದನ್ನು ತಾವೇ ಓದಿದರು. ಇನ್ನು ಯಾವ ಅಂಗಡಿಗೂ ಧೈರ್ಯವಾಗಿ ಹೋಗಬಹುದು.

ದೇವಸ್ಥಾನದ ಹೆಸರಿದ್ದರೆ ಮಾತ್ರ ಮಾರಲು ಹೋಗಬೇಡಿ, ಮೊದಲು ಅಲ್ಲಿ ವಿಚಾರಿಸಿ. 100 ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಕಾನೂನು ಇದೆ. ಅವನ್ನು ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಖಾಸಗಿ ಜನ ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಇನ್ನು ಲಾಟೀನು. ತಗಡು, ತೂಕವಿಲ್ಲ. ಆದರೆ ಮೈಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಅವನ್ನು ಹಾಗೇ ಪುಸ್ತಕಕ್ಕೆ ಇಳಿಸಿಕೊಂಡೆವು. ಮೇಡಂ ನೋಡಿ, "ಡೀಟ್ಸ್, ನ್ಯೂಯಾರ್ಕ್" ಅಂತ ಓದಿದರು. ಅದು ಅಮೆರಿಕದ ಕಂಪನಿ. ಮುಂದೆ ಹಾಂಗ್‌ಕಾಂಗ್, ಚೀನಾದಲ್ಲೂ ಇದೇ ಹೆಸರಿನ ಲಾಟೀನು ತಯಾರಾದವು. ಅದಕ್ಕೇ ಹೆಸರಿನ ಜೊತೆ ಊರನ್ನೂ ಓದಬೇಕು. ನಮ್ಮ ಪಕ್ಕದ ಮಹಾರಾಷ್ಟ್ರದ ಓಗಲೇವಾಡಿಯಲ್ಲಿ "ಪ್ರಭಾಕರ್" ಲಾಟೀನು ಮಾಡುತ್ತಿದ್ದರು. ಹಳೆಯ ಸಾಮಾನು ಕೂಡಿಸುವವರು ಇಂಥವನ್ನು ಹುಡುಕುತ್ತಾರೆ. ಗಾಜು ಒಡೆದಿದ್ದರೆ ಬೆಲೆ ಇಳಿಯುತ್ತೆ. ಬಲ್ಬು ಹಾಕಲು ತೂತು ಕೊರೆದಿದ್ದರೂ ಇಳಿಯುತ್ತೆ.

ಅಕ್ಕ ಹುಣಸೆಹಣ್ಣು ತಂದು ದೀಪ ತಿಕ್ಕಲು ಕೂತಿದ್ದರು. ನಾವು ತಡೆದೆವು! ಹಳೆಯ ವಸ್ತು ಕೊಳ್ಳುವವರಿಗೆ ಆ ಕಂದು ಬಣ್ಣವೇ ಬೇಕು. ಧೂಳು ಒರೆಸಿದರೆ ಸಾಕು. ಹೊಸ ದೀಪಕ್ಕೆ ಕಪ್ಪು ಹಚ್ಚಿ ಹಳೆಯದು ಅಂತ ಮಾರುವವರೂ ಇದ್ದಾರೆ. ನಿಜವಾದ ಹಳೆಯದು ಕೈ ತಾಗುವ ಕಡೆ ಹೆಚ್ಚು ಸವೆದಿರುತ್ತೆ, ಎಲ್ಲ ಕಡೆ ಒಂದೇ ಸಮ ಅಲ್ಲ.

ಅಕ್ಕ ಮೂರು ಅಂಗಡಿ ಕೇಳಿದರು. ತಾವು ಮೊದಲು ಬೆಲೆ ಹೇಳಲಿಲ್ಲ. ಕೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡರು. ದೀಪಕ್ಕೆ ಒಬ್ಬರು 1200, ಒಬ್ಬರು 1500, ಇನ್ನೊಬ್ಬರು 1800. ಮೇಲಿನ ಹಂಸ ಮುರಿದಿಲ್ಲದಿದ್ದರೆ ಇನ್ನೂ ಕೊಡುತ್ತಿದ್ದರಂತೆ. ಬಿಟ್ಟಿ ಹೋಗಬೇಕಿದ್ದ ಲಾಟೀನಿಗೆ 1100 ರೂಪಾಯಿ ಬಂತು. ಅಕ್ಕ ಅದನ್ನು ಮಾರಿ ಫೀಸು ಕಟ್ಟಿದರು. ದೀಪ ಸದ್ಯಕ್ಕೆ ಅವರ ಮನೆಯಲ್ಲೇ ಇದೆ.

ಲೆಕ್ಕ ಮಾಡಿ:
ದೀಪದ ತೂಕ 3 ಕಿಲೋ 500 ಗ್ರಾಂ. ಕಿಲೋಗೆ 400 ರೂಪಾಯಿ. ಎಷ್ಟು ಹಣ ಬರಬೇಕು?
ನಿಮ್ಮ ಮನೆಯ ಹಳೆಯ ಪಾತ್ರೆ ಒಂದನ್ನು ತಿರುಗಿಸಿ ನೋಡಿ. ಹೆಸರು ಇದ್ದರೆ ಓದಿ, ಇಲ್ಲಿ ಬರೆಯಿರಿ.